ದೇವರಿಲ್ಲದ ಗುಡ್ಡ

ಪ್ರತಿ ವರ್ಷ ಚರ್ಚಿನ ವಾರ್ಷಿಕೋತ್ಸವದ ದಿನ ಏಕನಾಥಮ್ಮ ಎದ್ದು ನಿಂತು ಅದೇ ಸಾಕ್ಷಿ ಹೇಳುತ್ತಿದ್ದಳು. ಸಾಕ್ಷಿ ಎಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳಿಕೊಳ್ಳುವುದು. ಒಬ್ಬರಿಗೆ ಜ್ವರ ಬಿಟ್ಟಿರುತ್ತಿತ್ತು, ಇನ್ನೊಬ್ಬರ ಗಂಡ ಸಾರಾಯಿ ಬಿಟ್ಟಿರುತ್ತಿದ್ದ. ಏಕನಾಥಮ್ಮನದು ಮಾತ್ರ ಮರದ ಸಾಕ್ಷಿ. ಭೂತಪ್ಪನ ಬಸರಿಮರಕ್ಕೆ ಮೊದಲ ಕೊಡಲಿಯೇಟು ಹಾಕಿದವಳು ನಾನು, ಬುಡದಲ್ಲಿದ್ದ ಕಲ್ಲನ್ನು ಹಳ್ಳಕ್ಕೆ ಉರುಳಿಸಿದವಳು ನಾನು, ನನಗೆ ಏನೂ ಆಗಲಿಲ್ಲ ಎಂದು ಮುಗಿಸುತ್ತಿದ್ದಳು. ಸಭೆಯೆಲ್ಲ ಒಂದೇ ದನಿಯಲ್ಲಿ ‘ಸ್ತೋತ್ರ’ ಎನ್ನುತ್ತಿತ್ತು.

ಮರ ಬಿದ್ದದ್ದು ತೊಂಬತ್ತೊಂದರಲ್ಲಿ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ, ಎರಡು ಗುಡ್ಡಗಳ ನಡುವೆ ಅವರ ಊರು. ಪಡುವಣ ಗುಡ್ಡದ ಬುಡಕ್ಕೆ ಅವರ ಕಾಲೋನಿ. ಗುಡ್ಡದ ಇಳಿಜಾರಿನಲ್ಲಿ ಬಸರಿಮರ, ಮರದ ಬುಡದಲ್ಲಿ ಭೂತಪ್ಪ, ಅದರ ಕೆಳಗೆ ಎಂಥ ಬೇಸಿಗೆಗೂ ಬತ್ತದ ಒರತೆ. ಕಾಲೋನಿ ಕುಡಿಯುತ್ತಿದ್ದುದು ಅದೇ ನೀರು. ಭೂತಪ್ಪನ ಎಲ್ಲೆಯೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ, ಒಣಗಿ ಬಿದ್ದ ಪುಳ್ಳೆಯನ್ನೂ ಒಲೆಗೆ ತರುತ್ತಿರಲಿಲ್ಲ. ತಂದರೆ ಮಕ್ಕಳು ರಕ್ತ ಕಾರುತ್ತವೆ ಎಂಬ ಭಯ.

ಕಾಲೋನಿಯ ಬಹಳಷ್ಟು ಮನೆಗಳು ಯೇಸುವನ್ನು ನಂಬಿ ದೀಕ್ಷಾಸ್ನಾನಕ್ಕೆ ಸಿದ್ಧವಾದಾಗ ಚರ್ಚಿನ ಆಗಿನ ಪಾಸ್ಟರ್ ಅಯ್ಯನವರು, ಆ ಮರ ನಿಂತಿರುವ ತನಕ ನಿಮ್ಮ ಭಯವೂ ನಿಂತಿರುತ್ತದೆ ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೀಸೆ ಹೊತ್ತವರೆಲ್ಲ ಹಿಂದೆ ಸರಿದಾಗ ಕೊಡಲಿ ಎತ್ತಿಕೊಂಡವಳು ಎರಡು ಮಕ್ಕಳ ತಾಯಿ ಏಕನಾಥಮ್ಮ. ದುರ್ಗದ ಕೋಟೆಯ ದೇವತೆಯ ಹೆಸರು ಹೊತ್ತವಳು. ನೀರಲ್ಲಿ ಮುಳುಗಿ ಎದ್ದಾಗ ಎಸ್ತೇರಮ್ಮ ಆದಳು, ಆದರೆ ಅಯ್ಯನವರನ್ನು ಬಿಟ್ಟು ಯಾರೂ ಹಾಗೆ ಕರೆಯಲಿಲ್ಲ. ಅವತ್ತಿನ ಫೋಟೊ ಚರ್ಚಿನ ಗೋಡೆಯ ಮೇಲಿದೆ: ಬಿದ್ದ ಮರ, ಅದರ ಮೇಲೆ ಕಾಲಿಟ್ಟು ನಿಂತ ಅವಳು.

ಮಕ್ಕಳು ರಕ್ತ ಕಾರಲಿಲ್ಲ. ಭಯ ಹೋಯಿತು. ಭಯ ಹೋದ ಮೇಲೆ ಗುಡ್ಡದ ತುಗ್ಗಲಿ, ಕಮರ, ತಾರೆ ಮರಗಳೆಲ್ಲವೂ ಒಂದೊಂದಾಗಿ ಒಲೆಗೆ ಹೋದವು. ಕಾಯಬೇಕೆಂದು ಯಾರೂ ಹೇಳಲಿಲ್ಲ. ಹೆದರಬೇಡಿ ಎಂದು ಕಲಿಸಿದವರು ಅಲ್ಲಿಗೇ ಪಾಠ ಮುಗಿಸಿ ಬೇರೆ ಊರಿಗೆ ವರ್ಗವಾಗಿದ್ದರು. ಒರತೆ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಗುಡ್ಡದ ಕೆಂಪು ಅದಿರಿಗೆ ಬಂಗಾರದ ಬೆಲೆ ಬಂತು. ಗಣಿಯವರು ಮೊದಲು ಕಣ್ಣು ಹಾಕಿದ್ದು ಮೂಡಣ ಗುಡ್ಡಕ್ಕೆ. ಅಲ್ಲಿ ರಂಗಪ್ಪನ ಗುಡಿ ಇತ್ತು. ದೇವರ ಗುಡ್ಡ ಮುಟ್ಟಿದರೆ ನೆಟ್ಟಗಿರೋದಿಲ್ಲ ಎಂದು ಇಡೀ ಊರು ರಸ್ತೆಗೆ ಅಡ್ಡ ಕುಳಿತಿತು. ಜೀಪುಗಳು ತಿರುಗಿಕೊಂಡು ಪಡುವಣಕ್ಕೆ ಬಂದವು.

ಏಕನಾಥಮ್ಮನ ದೊಡ್ಡಪ್ಪನ ಮಗ ಉಗ್ರಪ್ಪ ಚರ್ಚಿಗೆ ಸೇರದೆ ಉಳಿದವನು. ಆದರೇನು, ಅವನ ಮನೆಗೂ ನೀರು ಅದೇ ಒರತೆಯದು. ಗಣಿಗೆ ಗುಡ್ಡ ಕೊಡುವ ಬಗ್ಗೆ ಊರವರ ಅಹವಾಲು ಕೇಳಲು ದುರ್ಗದಿಂದ ಅಧಿಕಾರಿ ಬರುತ್ತಾರೆಂದು ಗೊತ್ತಾದಾಗ ಅವನು ಅವಳ ಜಗಲಿಗೆ ಬಂದು ಕುಳಿತ.

“ಕಲ್ಲು ಇನ್ನೂ ಹಳ್ಳದಾಗೇ ಬಿದ್ದೈತೆ ತಂಗಿ. ಎತ್ತಿಟ್ಟು ಕುಂಕುಮ ಹಚ್ಚಿಬಿಡ್ತೀನಿ. ನೀನು ಕೈ ಮುಗಿಯಾದು ಬ್ಯಾಡ. ಯಾರಾದ್ರೂ ಕೇಳಿದ್ರೆ, ದೇವರೈತೆ ಅನ್ನು ಸಾಕು.”

ಅವಳು ಜಗಲಿ ಇಳಿದಳು. ನೇರವಾಗಿ ಪಾಸ್ಟರ ಮನೆಗೆ ಹೋದಳು. ಹೊಸ ಪಾಸ್ಟರು ಕಿರಣ್‌ಕುಮಾರ್ ಬೆಂಗಳೂರಿನಲ್ಲಿ ದೈವಶಾಸ್ತ್ರ ಓದಿದವರು. ದೇವರು ಮೊದಲ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ತಿಂದು ತೇಗಲಿಕ್ಕಲ್ಲ, ಕಾಯಲಿಕ್ಕೆ ಎಂದು ಅವರು ಒಂದು ಭಾನುವಾರ ಪ್ರಸಂಗ ಮಾಡಿದ್ದರು. ಆ ಮಾತು ಅವಳ ಎದೆಯಲ್ಲಿ ಮೊಳೆಯಂತೆ ಕೂತಿತ್ತು.

“ಈ ಗುಡ್ಡ ಮಾಡಿದೋನೂ ನಮ್ಮ ದೇವರೇ ಅಲ್ವಾ ಅಯ್ಯನೋರೆ? ಅದನ್ನ ಅಧಿಕಾರಿ ಮುಂದೆ ನೀವೊಂದು ಮಾತು ಹೇಳ್ರಿ. ನಂಗೆ ಹೇಳಾಕೆ ಬರಲ್ಲ.”

ಪಾಸ್ಟರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಮಾತಾಡಿದರು. ನಾವು ಇಲ್ಲಿ ಕೆಲವೇ ಮನೆಯವರು, ತಲೆ ಎತ್ತಿದರೆ ಊರಿನ ಕಣ್ಣು ಕೆಂಪಾಗುತ್ತದೆ, ಪ್ರಾರ್ಥನೆ ಮಾಡೋಣ ಎಂದರು. ಅವರ ಹಿಂದೆ, ಚರ್ಚಿನ ಕಾಂಪೌಂಡಿಗೆಂದು ಗಣಿಯವರು ಕಳಿಸಿದ ಸಿಮೆಂಟಿನ ಮೂಟೆಗಳು ಗೋಡೆಗೊರಗಿದ್ದವು. ಉಗ್ರಪ್ಪನ ಕಲ್ಲಿನ ವಿಷಯ ಬಂದಾಗ ಮಾತ್ರ ಅವರ ದನಿ ಗಟ್ಟಿಯಾಯಿತು.

“ಸುಳ್ಳು ಹೇಳಿದರೆ ಇಷ್ಟು ವರ್ಷದ ನಿಮ್ಮ ಸಾಕ್ಷಿ ಮಣ್ಣುಪಾಲಾಗುತ್ತೆ, ಎಸ್ತೇರಮ್ಮ.”

ಅಹವಾಲಿನ ದಿನ ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಪಾಸ್ಟರಿಗೂ ಕುರ್ಚಿ. ಉಗ್ರಪ್ಪ ಎದ್ದು, ಗುಡ್ಡದಲ್ಲಿ ನಮ್ಮ ತಾತ ಮುತ್ತಾತನ ಕಾಲದ ಭೂತಪ್ಪ ಇದ್ದಾನೆ, ಬೇಕಾದರೆ ಬಂದು ನೋಡಿ ಎಂದ. ಗಣಿಯ ಮ್ಯಾನೇಜರು ನಕ್ಕ. ಸಿಮೆಂಟು ಇಳಿಸಲು ಚರ್ಚಿಗೆ ಹೋದಾಗ ಅವನು ಗೋಡೆಯ ಫೋಟೊ ನೋಡಿದ್ದ. ಆ ದೇವರನ್ನು ಉರುಳಿಸಿದವರೇ ಇಲ್ಲಿದ್ದಾರೆ ಸಾರ್, ಅವರನ್ನೇ ಕೇಳಿ ಎಂದ.

ಅಧಿಕಾರಿ ಒಳ್ಳೆಯ ಮನುಷ್ಯ. ಮರ್ಯಾದೆಯಿಂದಲೇ ಕೇಳಿದರು: “ಅಲ್ಲಿ ದೇವರಿದೆಯೇನಮ್ಮ?”

ಐತೆ ಅಂದಿದ್ದರೆ ಗುಡ್ಡ ಉಳಿಯುತ್ತಿತ್ತು. ಅದು ಅವಳಿಗೂ ಗೊತ್ತು, ಅವಳನ್ನೇ ನೋಡುತ್ತ ನಿಂತ ಉಗ್ರಪ್ಪನಿಗೂ ಗೊತ್ತು. ಏಕನಾಥಮ್ಮ ಪಾಸ್ಟರ ಕಡೆ ನೋಡಿದಳು. ಮಾತು ಬರುವವರು ಅವರೊಬ್ಬರೇ. ಗುಡ್ಡ ದೇವರದ್ದು ಎಂದು ಸುಳ್ಳಿಲ್ಲದೆ ಹೇಳಬಲ್ಲವರೂ ಅವರೊಬ್ಬರೇ. ಪಾಸ್ಟರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

“ಇಲ್ಲ ಸ್ವಾಮಿ. ಇತ್ತು. ನಾನೇ ಉರುಳಿಸಿದೆ,” ಅಂದಳು.

ಆದರೆ ಅಲ್ಲಿ ನೀರು ಐತೆ ಎನ್ನುವಷ್ಟರಲ್ಲಿ ಅಧಿಕಾರಿ ಮುಂದಿನವರ ಕಡೆ ತಿರುಗಿದ್ದರು. ದೇವರಿದೆಯೇ ಎಂದು ಕೇಳಲು ಬಂದವರು, ನೀರಿದೆಯೇ ಎಂದು ಯಾಕೆ ಕೇಳುತ್ತಾರೆ? ಸಭೆ ಮುಗಿದ ಮೇಲೆ ಪಾಸ್ಟರು ಬಂದು ಅವಳ ಕೈ ಹಿಡಿದು, ನೀವು ಸತ್ಯದ ಪರ ನಿಂತಿರಿ ಎಂದರು. ಅವಳು ಕೈ ಬಿಡಿಸಿಕೊಂಡಳು. ಉಗ್ರಪ್ಪ ಬೈಯಲಿಲ್ಲ. ಅವತ್ತಿನಿಂದ ತಂಗಿ ಎಂದು ಕರೆಯುವುದನ್ನು ಬಿಟ್ಟ, ಅಷ್ಟೆ.

ಗುಡ್ಡದ ನೆತ್ತಿ ಮೊದಲು ಹೋಯಿತು, ಆಮೇಲೆ ಹೆಗಲು. ಒರತೆಯ ನೀರು ಕೆಂಪಾಗಿ, ಕೆಸರಾಗಿ, ಕೊನೆಗೆ ನಿಂತೇ ಹೋಯಿತು. ಬಟ್ಟೆ, ಮುದ್ದೆ, ಮಕ್ಕಳ ಕಣ್ಣು, ಎಲ್ಲಕ್ಕೂ ಕೆಂಧೂಳು. ಗಣಿಯವರ ಟ್ಯಾಂಕರಿನ ಹಾರನ್ ಕೇಳಿದರೆ ಕಾಲೋನಿಯ ಹೆಂಗಸರು ಕೊಡ ಹಿಡಿದು ಓಡುವುದನ್ನು ಕಲಿತರು.

ಎರಡು ವರ್ಷದ ನಂತರ ವಾರ್ಷಿಕೋತ್ಸವವೂ ಚರ್ಚುಗಳು ಆಚರಿಸುವ ಪರಿಸರ ಭಾನುವಾರವೂ ಒಟ್ಟಿಗೆ ಬಂದವು. ಹೊಸ ಕಾಂಪೌಂಡಿನೊಳಗೆ ಗಣಿಯವರೇ ಕೊಟ್ಟ ಸಸಿಗಳನ್ನು, ಗಣಿಯ ಮ್ಯಾನೇಜರೇ ಮುಖ್ಯ ಅತಿಥಿಯಾಗಿ ನೆಟ್ಟ. ನೀರು ಟ್ಯಾಂಕರಿನದು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೂ ಇಲ್ಲಿ ಹಾರ ತುರಾಯಿ. ಪಾಸ್ಟರು ಅದೇ ತೋಟದ ಪ್ರಸಂಗವನ್ನು ಇನ್ನೂ ಚೆನ್ನಾಗಿ ಮಾಡಿ, ಈಗ ಎಸ್ತೇರಮ್ಮನವರ ಸಾಕ್ಷಿ ಎಂದು ಕರೆದರು.

ಏಕನಾಥಮ್ಮ ಫೋಟೊದ ಕೆಳಗೆ ಬಂದು ನಿಂತಳು.

“ಮರ ಕಡಿದೆ, ಏನೂ ಆಗಲಿಲ್ಲ ಅಂತ ಇಷ್ಟು ವರ್ಷ ಹೇಳಿದೆ. ಆದ್ರೆ ಆಗೈತೆ. ಭೂತಪ್ಪ ಮಾಡಿದ್ದಲ್ಲ, ಅವನ ಕೈಲಿ ಏನೂ ಆಗ್ತಿರಲಿಲ್ಲ. ನಾವೇ ಮಾಡಿದ್ವಿ. ಕಲ್ಲಿಗೆ ಹೆದರಿ ಗುಡ್ಡ ಕಾಯ್ತಿದ್ವಿ. ನಿಜವಾದ ದೇವರು ಸಿಕ್ಕ ಮ್ಯಾಲೆ ಬಿಟ್ಟುಕೊಟ್ವಿ.”

ಅವಳು ಒಮ್ಮೆ ಫೋಟೊ ಕಡೆ ತಿರುಗಿ ನೋಡಿದಳು. ಸೆರಗು ಹೊದ್ದು ಕುಳಿತಳು. ಸಾಕ್ಷಿ ಮುಗಿಯಿತೆಂದು ತಿಳಿದು ಸಭೆಯೆಲ್ಲ ಎಂದಿನಂತೆ ಒಂದೇ ದನಿಯಲ್ಲಿ ‘ಸ್ತೋತ್ರ’ ಎಂದಿತು.