ರಾಣಿಯ ತವರಿನ ಬಣ್ಣ

ಟೊರ್ರಿ ಪೈನ್ಸಿನ ಲ್ಯಾಬಿನಲ್ಲಿ ಜೀವಕೋಶ ಎಣಿಸುವ ಜಯದೇವಿ ಮನೆಗೆ ಬಂದರೆ ಬಟ್ಟೆಯ ಎಳೆ ಎಣಿಸುತ್ತಿದ್ದಳು. ಧಾರವಾಡದ ಅಜ್ಜಿ ಕಲಿಸಿದ ಕಸೂತಿ ಸ್ಯಾನ್ ಡಿಯೇಗೋಗೆ ಬಂದ ಮೇಲೂ ಅವಳ ಕೈ ಬಿಟ್ಟಿರಲಿಲ್ಲ. ಅದನ್ನು ಕಂಡೇ ಪಕ್ಕದ ಮನೆಯ ಅಡೆಲಿನೋ ಅಂಕಲ್ ಅವಳಿಗೊಂದು ಕೆಲಸ ಹಚ್ಚಿದ್ದರು.

ಅಡೆಲಿನೋ ಪೋರ್ಚುಗೀಸ್ ಮೂಲದ ಹಳೆಯ ಮೀನುಗಾರ, ಎಂಬತ್ತು ದಾಟಿದವರು. ಅವರ ಜನ ಪ್ರತಿ ಮೇ ತಿಂಗಳ ಹೊತ್ತಿಗೆ ದೊಡ್ಡ ಹಬ್ಬ ಮಾಡಿ, ಬಂದವರಿಗೆಲ್ಲ ಉಣಬಡಿಸುತ್ತಾರೆ. ಬರಗಾಲದಲ್ಲಿ ತನ್ನ ಕಿರೀಟವನ್ನೇ ಬಡವನ ತಲೆಗಿಟ್ಟ ಪೋರ್ಚುಗೀಸರ ಇಸಬೆಲ್ ರಾಣಿಯ ನೆನಪಿಗೆ, ಹುಡುಗಿಯೊಬ್ಬಳು ರಾಣಿಯಾಗಿ, ಉದ್ದನೆಯ ಮಖಮಲ್ಲಿನ ಮೇಲುವಸ್ತ್ರ ಎಳೆಯುತ್ತ ಮೆರವಣಿಗೆ ಹೋಗುತ್ತಾಳೆ. 2024ರಲ್ಲಿ ಆ ಭಾಗ್ಯ ಅಡೆಲಿನೋ ಮೊಮ್ಮಗಳು ಲೂಸಿಯಾಳದು. ಮೇಲುವಸ್ತ್ರದ ನಡುವೆ ರಾಣಿಯ ಲಾಂಛನ ಬೇಕು, ಅದನ್ನು ಜಯದೇವಿ ಕಸೂತಿಯಲ್ಲಿ ಹಾಕಬೇಕು.

ಲೂಸಿಯಾಳ ಆಸೆ ಒಂದೇ: ಅಪ್ಪನ ಅಪ್ಪ, ಅಮ್ಮನ ಅಮ್ಮ ಇಬ್ಬರೂ ತನ್ನ ಹಿಂದೆ ನಡೆಯಬೇಕು. ಆದರೆ ಅಮ್ಮನ ಅಮ್ಮ ಪಿಲಾರ್ ಸ್ಪೇನಿನವರು. ಬೀಗರಿಬ್ಬರೂ ಮಾತು ಬಿಟ್ಟು ಎಂಟು ವರ್ಷ. ಕಾರಣ ಆಸ್ತಿಯಲ್ಲ, ವರದಕ್ಷಿಣೆಯಲ್ಲ. ಊರಂಚಿನ ಪಾಯಿಂಟ್ ಲೋಮಾದ ತುದಿಯಲ್ಲಿ ಕಲ್ಲಿನ ಮೂರ್ತಿಯಾಗಿ ನಿಂತ, ಈ ಕರಾವಳಿಗೆ ಯುರೋಪಿನಿಂದ ಮೊದಲು ಬಂದ ನಾವಿಕ ಕಬ್ರಿಯೋ! ಅವನು ನಮ್ಮವನೆಂದು ಅಡೆಲಿನೋ, ಹುಟ್ಟಿದ್ದೇ ನಮ್ಮಲ್ಲೆಂದು ಪಿಲಾರ್. ಸತ್ತು ಐದು ಶತಮಾನಕ್ಕೆ ಹತ್ತಿರವಾದರೂ ಆ ಪುಣ್ಯಾತ್ಮ ಬೀಗರ ಮನೆಗೆ ಬೆಂಕಿ ಹಚ್ಚಿದ್ದ. ಹಬ್ಬದ ಸಭಾಂಗಣಕ್ಕೆ ಕಾಲಿಡುವುದಿಲ್ಲವೆಂದು ಪಿಲಾರ್ ಹಟ ಹಿಡಿದಿದ್ದರು.

ಹಬ್ಬಕ್ಕೆ ಎರಡೇ ದಿನವಿದ್ದಾಗ ಜಯದೇವಿ ಮೇಲುವಸ್ತ್ರ ಬಿಚ್ಚಿ ತೋರಿಸಿದಳು. ಅಡೆಲಿನೋ ಮುಖ ಕೆಂಪೇರಿತು.

"ಇದೇನು? ಕೆಂಪು ಹಳದಿ ಪಟ್ಟೆ! ಸ್ಪೇನಿನ ಬಣ್ಣ ನನ್ನ ಮೊಮ್ಮಗಳ ಬೆನ್ನ ಮೇಲೆ? ಕಿತ್ತು ಹಾಕು!"

ಜಯದೇವಿಯ ಪಕ್ಕದಲ್ಲಿದ್ದ ಗಂಡ ಮಹಾಂತಪ್ಪ, "ನಾ ಅವತ್ತೇ ಹೇಳಿದ್ನಿಲ್ಲೋ, ಅವ್ರನ್ನ ಒಂದ್ಸಲ ಕೇಳು ಅಂತ," ಎಂದು ಗೊಣಗಿದ. ಅವಳು ಕೇಳಿರಲಿಲ್ಲ. ಕೇಳುವುದೇನಿದೆ ಎಂದುಕೊಂಡಿದ್ದಳು. ಅವಳ ಕಡೆ ಕಸೂತಿಯ ಸೀರೆ ಬರುವುದೇ ಹೆಣ್ಣಿನ ತವರಿನಿಂದ.

"ಅಂಕಲ್, ರಾಣಿಯ ತವರುಮನೆ ಹುಡುಕಿದೆ. ಅರಗಾನ್ ಅಂತ ಸಿಕ್ಕಿತು, ಈಗ ಅದು ಸ್ಪೇನಿನಲ್ಲಿದೆ. ಈ ಪಟ್ಟೆ ಆ ಮನೆತನದ ಗುರುತು. ಎಡಗಡೆ ಗಂಡನ ಮನೆ, ಬಲಗಡೆ ತವರುಮನೆ. ಹೆಣ್ಣಿನ ಗುರುತಿನಲ್ಲಿ ತವರನ್ನು ಬಿಡಲು ನನಗೆ ಬರುವುದಿಲ್ಲ. ಬೇಡವೆಂದರೆ ಈಗಲೇ ಬಿಚ್ಚುತ್ತೇನೆ." ಕತ್ತರಿ ಕೈಗೆತ್ತಿಕೊಂಡಳು. ಮೂರು ತಿಂಗಳ ದುಡಿಮೆ. ಕಣ್ಣಲ್ಲಿ ನೀರು ನಿಂತಿತು.

ಅಡೆಲಿನೋ ಅವಳ ಕೈ ಹಿಡಿದು ತಡೆದರು. ಹಗ್ಗ ಎಳೆದು ದಡ್ಡುಗಟ್ಟಿದ ಬೆರಳು ಕೆಂಪು ಎಳೆಗಳ ಮೇಲೆ ನಿಧಾನ ಸರಿಯಿತು.

"ಗೊತ್ತಿತ್ತು. ಚಿಕ್ಕಂದಿನಲ್ಲಿ ಪಾದ್ರಿಗಳು ಹೇಳಿದ್ದರು," ಎಂದರು. "ಹನ್ನೆರಡರ ಹುಡುಗಿ ಮದುವೆಯಾಗಿ ನಮ್ಮಲ್ಲಿಗೆ ಬಂದಳು. ಮುಂದೆ ಗಂಡ, ಮಗ ಸೈನ್ಯ ಕಟ್ಟಿ ಎದುರಾದಾಗ ಹೇಸರಗತ್ತೆ ಏರಿ ಇಬ್ಬರ ನಡುವೆ ಹೋಗಿ ನಿಂತಳು. ಎಂಬತ್ತು ವರ್ಷ ಅವಳ ಹೆಸರಿನಲ್ಲೇ ಉಂಡೆ. ಅವಳು ಯಾರ ಮಗಳೆಂದು ಮರೆತೆ."

ತನ್ನ ಸೂಜಿ ಏಳುನೂರು ವರ್ಷ ಹಿಂದಿನ ಹುಡುಗಿಯೊಬ್ಬಳನ್ನು ಹೋಗಿ ಮುಟ್ಟಿತಲ್ಲ ಎಂದು ಜಯದೇವಿಗೆ ಮೈ ಜುಮ್ಮೆಂದಿತು.

ಮರುದಿನ ಅವಳೇ ಡ್ರೈವ್ ಮಾಡಿದಳು. ಲಾಸ್ ಏಂಜಲೀಸಿನ ಟ್ರಾಫಿಕ್ ದಾಟಿ ಪಿಲಾರ್ ಇರುವ ವುಡ್‌ಲ್ಯಾಂಡ್ ಹಿಲ್ಸ್ ತಲುಪಲು ಮೂರು ತಾಸು. ದಾರಿಯುದ್ದಕ್ಕೂ ಅಡೆಲಿನೋ ಮೇಲುವಸ್ತ್ರವನ್ನು ತೊಡೆಯಿಂದ ಇಳಿಸಲಿಲ್ಲ.

ಪಿಲಾರ್ ಬಾಗಿಲು ಅರ್ಧ ತೆರೆದರು. "ನಾವಿಕ ನಮ್ಮವನೇ," ಎಂದರು, ನಮಸ್ಕಾರವೂ ಇಲ್ಲದೆ.

"ಅಲ್ಲ," ಎಂದರು ಅಡೆಲಿನೋ. "ಆದರೆ ರಾಣಿ ನಿಮ್ಮವಳು." ಮೇಲುವಸ್ತ್ರ ಬಿಚ್ಚಿ ಹಿಡಿದರು.

ಪಿಲಾರ್ ಬಾಗಿ ಪಟ್ಟೆಗಳನ್ನು ಒಂದೊಂದಾಗಿ ನೋಡಿದರು. ತುಟಿ ಬಿಗಿಹಿಡಿದು ಒಳಗೆ ಹೋದರು. ಬಾಗಿಲು ಮಾತ್ರ ಮುಚ್ಚಲಿಲ್ಲ. ಬಂದಾಗ ಕಾಲಲ್ಲಿ ಬೂಟು, ಕೈಯಲ್ಲಿ ಚೀಲ.

ಬೀಗರ ತೋಳಿನಿಂದ ಬಟ್ಟೆಯ ಒಂದು ಅಂಚನ್ನು ತಾವೇ ತೆಗೆದುಕೊಂಡು, "ನೆಲಕ್ಕೆ ತಾಗುತ್ತಿದೆ, ಸರಿಯಾಗಿ ಹಿಡಿಯಿರಿ," ಎಂದು ಗದರಿದರು. ಎಂಟು ವರ್ಷಗಳ ನಂತರ ಬೀಗರಿಬ್ಬರೂ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತ ಕಾರಿನ ಕಡೆಗೆ ನಡೆದರು.