ಕೆಂಡಣ್ಣನ ಲಿಮಿಟ್ ಸ್ವಿಚ್ಚು

ಟೇಲರಕ್ಕನ ಮೈದುನ ಎಸೆದ ಕುರ್ಚಿ ಕ್ರೇನ್ ಯಾರ್ಡಿನ ಸೂಪರ್‌ವೈಸರನ ಭುಜಕ್ಕೆ ಬಡಿದು ಗೋಡೆಗೆ ಹಾರಿತು. ಅವನು ಹಿಡಿದು ತಂದಿದ್ದ ಹೂವಿನ ಚಕ್ರ ಕೈಜಾರಿ ಹೊಸ್ತಿಲ ಮೇಲೆ ಬಿತ್ತು. ಮೈದುನ ಅದನ್ನೇ ತುಳಿದುಕೊಂಡು ಹೋಗಿ ಅವನ ಕಾಲರಿಗೆ ಕೈ ಹಾಕಿದ.

"ಇನ್ನೊಂದ್ಸಲ ಹೇಳೋ. ಎಲ್ರಿಗೂ ಕೇಳೋ ಹಾಗೆ ಹೇಳು."

ಸೂಪರ್‌ವೈಸರ್ ಹೇಳಿದ್ದು ಪಕ್ಕದವನ ಕಿವಿಯಲ್ಲಿ. ಆದರೆ ಸಾವಿನ ಮನೆಯಲ್ಲಿ ಪಿಸುಮಾತಿಗೇ ಕಿವಿ ಹೆಚ್ಚು. ಈಗ ಬಾಯಿ ಬಿಡದೆ ಅವನಿಗೆ ಗತ್ಯಂತರವಿರಲಿಲ್ಲ.

"ಇದ್ದಿದ್ದು ಹೇಳಿದೆ ಕಣಯ್ಯಾ. ಲಿಮಿಟ್ ಸ್ವಿಚ್ಚಿಗೆ ಚಪ್ಪಲಿ ತುಂಡು ತುರುಕಿತ್ತು. ನೀಲಿ ರಬ್ಬರು, ಹಿಮ್ಮಡಿ ಕಡೇದು. ನನ್ನ ಕಣ್ಣಾರೆ ನೋಡಿದೀನಿ. ಕ್ರೇನ್ ಇದ್ದಿದ್ದು ನಿಮ್ಮಣ್ಣನ ಕೈಲಿ. ಇನ್ಯಾರು ತುರುಕ್ತಾರೆ?"

"ಸತ್ತೋನ ಮೇಲೆ ಗೂಬೆ ಕೂರಿಸ್ತೀಯಾ?"

ಕೈಗಳೆರಡೂ ಕಾಲರಿನಲ್ಲಿದ್ದುದರಿಂದ ಮೈದುನ ಹಣೆಯಿಂದಲೇ ಗುದ್ದಿದ. ಸೂಪರ್‌ವೈಸರನ ಮೂಗಿನಿಂದ ರಕ್ತ ಬಳಬಳ ಸುರಿದು ಅಂಗಿಯೆಲ್ಲ ಕೆಂಪಾಯಿತು. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು. ವೆಲ್ಡಿಂಗ್ ಕೆಲಸದ ಆಳು ಮೈದುನ, ಹಿಡಿದದ್ದನ್ನು ಬಿಟ್ಟವನಲ್ಲ.

"ಆ ಸ್ವಿಚ್ ಮುಟ್ಟಿದೋರ ಹಲ್ಲು ಉದುರಿಸಿದೋನು ನಮ್ಮಣ್ಣ. ಅವನು ತುರುಕ್ತಾನಾ? ಬೇರೆ ಯಾರೋ ತುರುಕಿದಾರೆ. ಯಾರು ಅಂತ ಗೊತ್ತಾಗಲಿ, ಅಣ್ಣನ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿಸ್ತೀನಿ. ಇವತ್ತೇ."

ಬೇರೆಯವನು ಅಂದಿದ್ದರೆ ಸಂಕಟಕ್ಕೆ ಅಂದ ಮಾತು ಎಂದು ಬಿಡಬಹುದಿತ್ತು. ಇವನು ಒಮ್ಮೆ ಸುತ್ತಿಗೆಯಿಂದ ಒಬ್ಬನ ಮೊಣಕಾಲ ಚಿಪ್ಪು ಒಡೆದು ಜೈಲು ಕಂಡು ಬಂದವನು.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನಪ್ಪಾ," ಎಂದಳು ಮೂಲೆಮನೆ ಅಜ್ಜಿ. ಮೂಗು ಒತ್ತಿ ಹಿಡಿದುಕೊಂಡಿದ್ದ ಸೂಪರ್‌ವೈಸರನನ್ನು ನೋಡಿ ಯಾರೋ ಫಕ್ಕನೆ ನಕ್ಕು, ಕೂಡಲೇ ಕೆಮ್ಮಿದರು.

ಟೇಲರಕ್ಕ ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದಳು. ಪೆಟ್ಟಿಗೆಗೆ ಆಸ್ಪತ್ರೆಯಲ್ಲೇ ಮೊಳೆ ಹೊಡೆದು ಕಳಿಸಿದ್ದರು. ತೆರೆದು ತೋರಿಸುವಂಥದ್ದೇನೂ ಉಳಿದಿರಲಿಲ್ಲ. ಒಳಗಿದ್ದವನನ್ನು ಊರೆಲ್ಲ ಕೆಂಡಣ್ಣ ಅನ್ನುತ್ತಿತ್ತು, ಮೂಗಿನ ತುದಿಯಲ್ಲೇ ಸಿಟ್ಟು ಅನ್ನುವ ಕಾರಣಕ್ಕೆ. ಅವಳಿಗೆ ಅವನು ಬರೇ 'ಇವರು'. ನಿನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ. ಬಂದೀತೆಂದು ಕಾಯುತ್ತ ಬಾಗಿಲ ಕಡೆ ನೋಡಿದಳು.

ಹೊಸ್ತಿಲಾಚೆ ಬಂದವರ ಚಪ್ಪಲಿಗಳ ರಾಶಿ. ಅದರ ಅಂಚಿನಲ್ಲಿ ನೀಲಿ ಹವಾಯಿ ಚಪ್ಪಲಿಯದೊಂದು ಜೊತೆ. ಎಡಗಾಲಿನದರ ಹಿಮ್ಮಡಿ ಚಾಕುವಿನಿಂದ ಕೊಯ್ದಂತೆ ಓರೆಯಾಗಿ ಕತ್ತರಿಸಿಹೋಗಿತ್ತು.

ಅದರ ಹೆಬ್ಬೆರಳ ಪಟ್ಟಿ ಕಿತ್ತುಹೋದಾಗ ಕಪ್ಪು ದಾರದಲ್ಲಿ ಹೊಲಿದುಕೊಟ್ಟವಳು ಅವಳೇ. ಆ ಚಪ್ಪಲಿ ಅವಳ ತಮ್ಮನದು.

* * *

ಮದುವೆಯಾದ ಹೊಸದರಲ್ಲಿ ಒಮ್ಮೆ ಗಂಡನಿಗೆ ಬುತ್ತಿ ಕೊಡಲು ಅವಳು ಯಾರ್ಡಿಗೆ ಹೋಗಿದ್ದಳು. ಗೇಟಿನೊಳಗೆ ಕಾಲಿಡುವಾಗಲೇ ಕೆಂಡಣ್ಣ ಒಬ್ಬನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತು ಬಡಿಯುತ್ತಿದ್ದ. ಆ ಮನುಷ್ಯನ ಬಾಯಿಂದ ಎರಡು ಹಲ್ಲು ಮಣ್ಣಿಗೆ ಬಿದ್ದಿದ್ದವು. ಅವಳು ಬುತ್ತಿ ಹಿಡಿದುಕೊಂಡೇ ಕಂಬದಂತೆ ನಿಂತಳು.

ಹೊಡೆದು ಮುಗಿಸಿ, ಕೈ ತೊಳೆದು, ಏನೂ ಆಗದವನ ಹಾಗೆ ಉಣ್ಣುತ್ತ ಅವನು ವಿವರಿಸಿದ. ಕ್ರೇನಿನ ಉದ್ದನೆಯ ತೋಳಿಗೆ ಬೂಮ್ ಅನ್ನುತ್ತಾರೆ. ಎತ್ತುತ್ತ ಹೋದರೆ ಅದು ನೆಟ್ಟಗಾಗುತ್ತ ಬರುತ್ತದೆ, ಅಳತೆ ಮೀರಿ ಎತ್ತಿದರೆ ಹಿಂದಕ್ಕೆ, ನಡೆಸುವವನ ತಲೆಯ ಮೇಲೆಯೇ ಮಗುಚುತ್ತದೆ. ಹಾಗಾಗದಿರಲೆಂದು ಬೂಮಿನ ಬುಡದಲ್ಲಿ ಅಂಗೈಯಷ್ಟು ದೊಡ್ಡ ಸ್ವಿಚ್ಚೊಂದಿರುತ್ತದೆ. ಬೂಮು ಮಿತಿಗೆ ಬಂದು ಅದರ ಸಣ್ಣ ಸನ್ನೆಗೋಲನ್ನು ಒತ್ತಿದರೆ ಎತ್ತುವ ಯಂತ್ರ ತಾನಾಗಿ ನಿಲ್ಲುತ್ತದೆ. ಕೆಲವರಿಗೆ ಇನ್ನೊಂದು ಮೊಳ ಎತ್ತುವ ಆಸೆ. ಸನ್ನೆಗೋಲು ಅಲುಗದ ಹಾಗೆ ಸಂದಿಗೆ ರಬ್ಬರು ತುರುಕುತ್ತಾರೆ. ಆಮೇಲೆ ಸ್ವಿಚ್ಚು ಇದ್ದೂ ಇಲ್ಲದ ಹಾಗೆ.

"ಎಲ್ಲಾ ಕ್ರೇನಲ್ಲೂ ಮಾಡ್ತಾರೆ. ತುರುಕಿದೋನು ಕ್ಯಾಬಿನ್ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕು, ಕೆಲಸ ಮುಗಿದ ಮೇಲೆ ಅವನೇ ತೆಗೀಬೇಕು. ಅದು ಇಲ್ಲಿನ ಕಟ್ಟಳೆ. ನನ್ನ ಕ್ರೇನಲ್ಲಿ ಅದೂ ಇಲ್ಲ. ತುರುಕಿದ್ರೆ ಹಲ್ಲು ಉದುರುತ್ತೆ, ಅಷ್ಟೇ."

ಉಂಡ ಮೇಲೆ ಅವಳು ನೆರಳಲ್ಲಿ ನಿಂತು ನೋಡಿದಳು. ಅವನು ಬೂಮನ್ನು ಎತ್ತುತ್ತಿದ್ದ. ಮೇಲೆ ನೋಡಲೇ ಇಲ್ಲ, ಕೆಳಗಿದ್ದವನಿಗೆ ಏನೋ ಬೈಯುತ್ತ ಎಳೆದ ಹಿಡಿಯನ್ನು ಎಳೆದೇ ಇದ್ದ. ಬೂಮು ಏರಿ ಏರಿ, ಟಕ್ ಎಂದು ತಾನಾಗಿ ನಿಂತಿತು.

"ನೀವು ನೋಡೋದೇ ಇಲ್ವಲ್ಲ?" ಎಂದು ಸಂಜೆ ಕೇಳಿದ್ದಳು.

"ನೋಡೋಕೆ ಅದಿದೆಯಲ್ಲ. ಯಾರೂ ಮುಟ್ಟದ ಹಾಗೆ ಅದನ್ನ ಇಷ್ಟು ಕಾಯೋದು ಮತ್ಯಾತಕ್ಕೆ?"

ಬೂಮು ತಾನಾಗಿ ನಿಂತದ್ದೇ ನಿಲ್ಲಿಸಬೇಕಾದ ಜಾಗ ಎಂದು ಅವನು ನಂಬಿಬಿಟ್ಟಿದ್ದ. ಆ ಸ್ವಿಚ್ಚು ಆಪತ್ತಿಗೆಂದು ಇಟ್ಟದ್ದು. ಇವನು ದಿನಾ ಅದಕ್ಕೇ ಒರಗಿಕೊಂಡು ಕೆಲಸ ಮಾಡಿದ. ಎಷ್ಟೋ ವರ್ಷ ಅದು ಅವನ ಕೈ ಬಿಡಲಿಲ್ಲ.

* * *

ಟೇಲರಕ್ಕ ಎದ್ದು, ಸೆರಗು ಇಳಿಬಿಟ್ಟುಕೊಂಡು ಹೊಸ್ತಿಲ ಬಳಿ ಬಗ್ಗಿದಳು. ಒಡೆದ ಹೂವಿನ ಚಕ್ರ ಎತ್ತುವವಳ ಹಾಗೆ ಮಾಡಿ ನೀಲಿ ಚಪ್ಪಲಿಯನ್ನೂ ಸೆರಗಿನೊಳಗೆ ಸೇರಿಸಿಕೊಂಡು ಹೊಲಿಗೆ ಕೋಣೆಗೆ ಹೋದಳು. ಚೂರುಬಟ್ಟೆಯ ಮೂಟೆಯ ತಳಕ್ಕೆ ಅದನ್ನು ತುರುಕಿ, ತಮ್ಮನನ್ನು ಕರೆಸಿ ಬಾಗಿಲು ಹಾಕಿದಳು.

ಯಾರ್ಡಿನಲ್ಲಿ ಕ್ರೇನಿಗೆ ಸರಕು ಕಟ್ಟಿ ಕೈಸನ್ನೆ ಮಾಡುವವನು ತಮ್ಮ. ಮೂವತ್ತು ದಾಟಿದ ಗಂಡಸು. ನಿನ್ನೆ ಉಟ್ಟ ಬಟ್ಟೆಯಲ್ಲೇ ಇದ್ದ, ತೋಳಿನ ಮೇಲೆ ಭಾವನ ರಕ್ತ ಒಣಗಿ ಕಪ್ಪಾಗಿತ್ತು.

"ನಿನ್ನ ಚಪ್ಪಲಿ ನೋಡ್ದೆ," ಎಂದಳು.

ಅವನು ಸುಳ್ಳು ಹೇಳಲು ಬಾಯಿ ತೆರೆದ, ಆಗಲಿಲ್ಲ. ಗೋಡೆಗೆ ಒರಗಿ ಹಾಗೇ ಜಾರಿ ಕೂತ.

"ಮೊನ್ನೆ ಭಾವ ರಜೆ ಹಾಕಿದ್ರಲ್ಲ ಅಕ್ಕ..."

ಹಾಕಿಸಿದವಳು ಅವಳೇ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ದುಂಬಾಲು ಬಿದ್ದಿದ್ದಳು.

"ಬದಲಿ ಆಪರೇಟರ್ ಬಂದಿದ್ದ. ಗೋಡೆ ಪಕ್ಕದ ತೊಲೆ ಎತ್ತಬೇಕಿತ್ತು. ಬೂಮು ಇನ್ನೊಂಚೂರು ಮೇಲೆ ಬಂದಿದ್ರೆ ಸಾಕಿತ್ತು, ಸ್ವಿಚ್ಚು ಕಟ್ ಮಾಡ್ತಾನೇ ಇತ್ತು. ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈತಿದ್ದ. ಒಂದೇ ಒಂದು ಸಲಕ್ಕೆ ಅಂತ ನಾನೇ ಹತ್ತಿ ತುರುಕಿದೆ. ಸಂಜೆ ಮಳೆ ಹೊಡೀತು, ಎಲ್ರೂ ಓಡಿದ್ವಿ. ಮರೆತೆ."

"ಕೆಂಪು ಬಟ್ಟೆ?"

ಅವನು ತಲೆ ತಗ್ಗಿಸಿದ.

"ಕಟ್ಟಲಿಲ್ಲ. ಕಟ್ಟಿದ್ರೆ ಭಾವನಿಗೆ ಗೊತ್ತಾಗ್ತಿತ್ತು. ಬೆಳಿಗ್ಗೆ ಅವರು ಬರೋಕೆ ಮುಂಚೆ ಹೋಗಿ ತೆಗೆದುಬಿಡ್ತೀನಿ ಅಂದ್ಕೊಂಡಿದ್ದೆ. ಅವರು ಬೇಗ ಬಂದ್ಬಿಟ್ರು. ನಾನು ಗೇಟಲ್ಲಿ ಕಾಲಿಡುವಾಗ ಬೂಮು ಮೇಲೇಳ್ತಾ ಇತ್ತು."

"ಕೂಗಬಾರದಿತ್ತಾ?"

"ಬಾಯಿ ತೆಗೆದೆ ಅಕ್ಕ. ಎಲ್ರೂ ಇದ್ರು. ಏನಂತ ಕೂಗ್ಲಿ? ನಾನು ತುರುಕಿದೀನಿ ಅಂತಾನಾ? ಇಳಿದು ಬಂದು ಅಲ್ಲೇ ಸಾಯೋ ಹಾಗೆ ಹೊಡೀತಿದ್ರು. ಅವರೇ ನೋಡ್ಕೊಂಡು ನಿಲ್ಲಿಸ್ತಾರೆ ಅಂತ... ಅವರು ನೋಡಲೇ ಇಲ್ಲ. ಬೂಮು ಹಿಂದಕ್ಕೆ ಬೀಳದ ಹಾಗೆ ಇಟ್ಟಿದ್ದ ತಡೆಕಂಬ ಎರಡೂ ಬೆಂಡಿನ ಕಡ್ಡಿ ಥರ ಮಡಚ್ಕೊಂಡು, ಅದು ಅವರ ಮೇಲೇ ಬಿತ್ತು. ಆಮೇಲೆ ಕೂಗ್ದೆ. ಆಮೇಲೆ ಕೂಗಿ ಏನು..."

ಹೊರಗೆ ಮೈದುನನ ದನಿ ಏರಿತು. ಯಾರ್ಡಿನವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳುತ್ತಿದ್ದ.

"ಯಾರಿಗೂ ಹೇಳಬೇಡ," ಎಂದಳು ಟೇಲರಕ್ಕ. "ನಾನು ನೋಡ್ಕೋತೀನಿ. ಭಾವನ ಬೂಟು ಅಲ್ಲಿದೆ, ಹಾಕ್ಕೋ."

"ಅವರ ಬೂಟಾ? ನನ್ನ ಕೈಲಾಗಲ್ಲ ಅಕ್ಕ."

* * *

'ಯಾರಿಗೂ ಹೇಳಬೇಡ, ನಾನು ನೋಡ್ಕೋತೀನಿ.' ಅದು ಆ ಮನೆಯ ಹಳೆಯ ಮಾತು.

ತಾಯಿಯಿಲ್ಲದ ತಮ್ಮನನ್ನು ಅವಳು ತವರಿನಿಂದ ಕರೆತಂದಾಗ ಅವನಿಗೆ ಏಳೋ ಎಂಟೋ. ಬಂದ ವಾರವೇ ಒಂದು ಗಾಜಿನ ಲೋಟ ಒಡೆದ. ಕೆಂಡಣ್ಣ ಅವನ ಕೈ ತಿರುಚಿದ, ಅಡ್ಡ ಹೋದ ಇವಳ ಕಿವಿಗೆ ಬಾರಿಸಿದ. ಆ ಕಿವಿ ಆಮೇಲೆ ಸರಿಯಾಗಿ ಕೇಳಲೇ ಇಲ್ಲ. ಅದಾದ ಮೇಲೆ ಮನೆಯಲ್ಲಿ ಏನೇ ಒಡೆಯಲಿ, ಅಕ್ಕತಮ್ಮ ಸೇರಿ ಚೂರುಗಳನ್ನು ಹಿತ್ತಲಲ್ಲಿ ಹೂತುಬಿಡುತ್ತಿದ್ದರು. ಹೂತ ಮೇಲೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು ಕೂಡ. ಅಂಥಾ ಮನೆಯಲ್ಲೂ ನಗು ಬರುತ್ತಿತ್ತು ನೋಡಿ.

ಕೆಂಡಣ್ಣ ಕೆಟ್ಟವನೇ ಅಂದರೆ ಹಾಗೂ ಅಲ್ಲ. ತಮ್ಮನಿಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ಅವನೇ, ಕೆಲಸ ಕಲಿಸಿದವನೂ ಅವನೇ. ಕಲಿಸುವಾಗ ಹೊಡೆದ. ಹೊಡೆತಕ್ಕೆ ಹೆದರಿ ತಮ್ಮ ಕೆಲಸ ಕಲಿತ, ಬಚ್ಚಿಡುವುದನ್ನೂ ಕಲಿತ. ಎರಡನೆಯದರಲ್ಲಿ ಗುರು ಟೇಲರಕ್ಕ.

* * *

ಸ್ಮಶಾನದ ದಾರಿ ಜಲ್ಲಿ ಹಾಕಿದ್ದು. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೈದುನ ಮುಂದೆ, ತಮ್ಮ ಅವನ ಹಿಂದೆ. ಗುಂಡಿಯ ಪಕ್ಕ ಪೆಟ್ಟಿಗೆ ಇಳಿಸಿ ಬೆವರು ಒರೆಸಿಕೊಳ್ಳುತ್ತ ಮೈದುನ ಹಿಂದಿರುಗಿ ನೋಡಿದ. ದಾರಿಯುದ್ದಕ್ಕೂ ಜಲ್ಲಿಯ ಮೇಲೆ ಕೆಂಪು ಕಲೆಗಳಿದ್ದವು. ತಮ್ಮನ ಅಂಗಾಲು ಸೀಳಿತ್ತು.

"ಯಾಕೋ ಬರಿಗಾಲಲ್ಲಿ ಬಂದೆ?"

ತಮ್ಮ ಸೀಳಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ನಿನ್ನೆ ಆಸ್ಪತ್ರೇಲಿ ನೀನು ಚಪ್ಪಲಿ ಹಾಕ್ಕೊಂಡಿದ್ದೆ," ಎಂದ ಮೈದುನ, ನಿಧಾನಕ್ಕೆ. "ನೀಲೀದು."

"ಕಳೆದುಹೋಯ್ತು ಬಿಡಪ್ಪಾ, ಸಾವಿನ ಮನೆಯಲ್ಲಿ ಯಾರ ಚಪ್ಪಲಿ ಯಾರ ಕಾಲಿಗೋ," ಎಂದಳು ಟೇಲರಕ್ಕ. ಬೇಗ ಹೇಳಿಬಿಟ್ಟಳು. ಯಾರೂ ಕೇಳದೆಯೇ ಹೇಳಿದಳು. ಮೈದುನ ಅವಳ ಮುಖ ನೋಡಿದ, ಅಷ್ಟೇ ಸಾಕಾಯಿತು.

ಗುಂಡಿ ತೋಡಿದವನ ಕೈಯಿಂದ ಅವನು ಸಲಿಕೆ ಕಿತ್ತುಕೊಂಡ. ಜನ ಚೆಲ್ಲಾಪಿಲ್ಲಿಯಾದರು. ಬೆಳಿಗ್ಗೆ ಬಿಡಿಸಿದ್ದ ನಾಲ್ವರಲ್ಲಿ ಒಬ್ಬನೂ ಮುಂದೆ ಬರಲಿಲ್ಲ.

"ನಾನೇ," ಎಂದ ತಮ್ಮ. ಓಡಲಿಲ್ಲ. "ನಾನೇ ತುರುಕಿದ್ದು."

ಸಲಿಕೆ ಮೇಲೆದ್ದಿತು. ಬೇಡಿಕೊಂಡರೆ ಬೆಂಕಿಗೆ ತುಪ್ಪ ಸುರಿದಂತೆ, ಕಾಲಿಗೆ ಬಿದ್ದರೆ ಒದ್ದು ಮುಂದೆ ಹೋಗುತ್ತಾನೆ ಎಂದು ಟೇಲರಕ್ಕನಿಗೆ ಗೊತ್ತಿತ್ತು. ಅವಳು ನಡುವೆ ನುಗ್ಗಿ, ಮೈದುನನಿಗೆ ಬೆನ್ನು ಹಾಕಿ, ತಮ್ಮನ ಕೆನ್ನೆಗೆ ಬಾರಿಸಿದಳು.

ಮೊದಲನೆಯ ಏಟು ಮೈದುನ ನೋಡಲೆಂದು. ಎರಡನೆಯದೂ ಅಷ್ಟೇ. ಮೂರನೆಯದು ಯಾರು ನೋಡಲೆಂದೂ ಅಲ್ಲ.

"ಬಾಯಿ ಬಿಡಬಾರದಿತ್ತೇನೋ! ಒಂದು ಮಾತು! ಒಂದು ಸಲ ಕೂಗೋಕಾಗಲಿಲ್ವಾ ನಿನಗೆ!"

ಮುಷ್ಟಿ ಕಟ್ಟಿ ಬಾಯಿಗೆ ಹೊಡೆದಳು. ತುಟಿ ಒಡೆಯಿತು. ಕೂದಲು ಹಿಡಿದು ಬಗ್ಗಿಸಿ ಬೆನ್ನಿಗೆ, ಕತ್ತಿಗೆ, ಕಿವಿಗೆ ಗುದ್ದಿದಳು. ಹೊಡೆಯುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಏಟು ಬಿದ್ದ ಮೇಲೆ ಇನ್ನೊಂದಕ್ಕೆ ಕೈ ತಾನಾಗಿ ಏಳುತ್ತಿತ್ತು.

"ಹೊಡೀತಿದ್ರಂತೆ! ಹೊಡೆದ್ರೆ ಹೊಡೆಸ್ಕೋಬೇಕಿತ್ತು! ನಾನು ಹೊಡೆಸ್ಕೊಳ್ಳಲಿಲ್ವಾ? ಇಷ್ಟು ವರ್ಷ ನಾನು ಹೊಡೆಸ್ಕೊಳ್ಳಲಿಲ್ವೇನೋ?"

ತಮ್ಮ ಮಣ್ಣಿಗೆ ಬಿದ್ದ. ಅವಳು ಅವನ ಮೇಲೆ ಬಿದ್ದು ಹೊಡೆದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಮೈದುನನ ಸಲಿಕೆ ಎತ್ತಿದಲ್ಲೇ ಇತ್ತು. ಅವನ ಮುಖದಲ್ಲಿ ಮೊದಲು ಸಿಟ್ಟಿತ್ತು, ಆಮೇಲೆ ಗಲಿಬಿಲಿ, ಆಮೇಲೆ ಹೆದರಿಕೆ. ಅವನು ಹೆದರಿದ್ದನ್ನು ಅಲ್ಲಿದ್ದವರು ಅವತ್ತೇ ಕಂಡದ್ದು.

"ಅತ್ತಿಗೆ, ಸಾಕು. ಅತ್ತಿಗೆ! ಸತ್ತೋಗ್ತಾನೆ, ಬಿಡಿ!"

ಅವಳು ತಮ್ಮನ ತಲೆ ಹಿಡಿದು ಕಲ್ಲಿಗೆ ಕುಟ್ಟಹೋದಳು. ಮೈದುನ ಸಲಿಕೆ ಬಿಸಾಕಿ ಅವಳ ಸೊಂಟ ಹಿಡಿದು ಎಳೆದ. ಬಿಡಿಸಿಕೊಳ್ಳುವ ರಭಸಕ್ಕೆ ಅವಳು ಮುಗ್ಗರಿಸಿ ಪೆಟ್ಟಿಗೆಯ ಮೇಲೆ ಬಿದ್ದಳು.

ಒಂದು ಕ್ಷಣ ಮುಚ್ಚಳಕ್ಕೆ ಕೆನ್ನೆಯಿಟ್ಟು ಸುಮ್ಮನಿದ್ದಳು. ಈಗ ಅಳುತ್ತಾಳೆ, ಅತ್ತು ಹಗುರವಾಗುತ್ತಾಳೆ ಎಂದು ಮೂಲೆಮನೆ ಅಜ್ಜಿ ಹತ್ತಿರ ಬಂದಳು. ಟೇಲರಕ್ಕ ತಲೆಯೆತ್ತಿ, ಎರಡೂ ಮುಷ್ಟಿಗಳಿಂದ ಮುಚ್ಚಳಕ್ಕೆ ಬಡಿದಳು.

"ಹೇಳೋಕೆ ಬಿಟ್ರಾ ನೀವು? ಯಾರಿಗಾದ್ರೂ ಬಾಯಿ ಬಿಡೋಕೆ ಬಿಟ್ರಾ?"

ಗಂಡನ ಮೇಲೆ ಅವಳು ಕೈಯೆತ್ತಿದ್ದು ಅದೇ ಮೊದಲು. ಹಲಗೆ ಬಿರುಕು ಬಿಟ್ಟಿತು, ಒಂದು ಮೊಳೆ ಎದ್ದು ಅವಳ ಅಂಗೈಯನ್ನು ಸೀಳಿತು. ಅವಳು ನಿಲ್ಲಿಸಲಿಲ್ಲ.

"ಹೇಳಿ! ಈಗ ಹೊಡೀರಿ ನೋಡೋಣ! ಎದ್ದು ಬಂದು ಹೊಡೀರಿ!"

ಮೈದುನನೊಬ್ಬನ ಕೈಯಲ್ಲಿ ಆಗಲಿಲ್ಲ. "ಏ, ಬಾರೋ, ಹಿಡ್ಕೊಳೋ!" ಎಂದು ಅವನು ಕೂಗಿದ. ತಮ್ಮ ಬಾಯಿಯ ರಕ್ತ ಉಗಿದು, ತೆವಳಿ ಎದ್ದು ಬಂದ. ಒಂದು ತೋಳನ್ನು ಮೈದುನ ಹಿಡಿದ, ಇನ್ನೊಂದನ್ನು ತಮ್ಮ. ಇಬ್ಬರೂ ಭುಜಕ್ಕೆ ಭುಜ ಕೊಟ್ಟು, ಹಿಮ್ಮಡಿ ಮಣ್ಣಿಗೆ ಊರಿ ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದರು. ಅವಳ ಕಾಲು ಪೆಟ್ಟಿಗೆಯನ್ನು ಒದೆಯುತ್ತಲೇ ಇತ್ತು.