ಎಫ್ ಅಕ್ಷರದ ಕಂಕುಳು

ಬಾಡಿಗೆ ಕುರ್ಚಿಗಳನ್ನು ವ್ಯಾನಿನವರು ಬೆಳಿಗ್ಗೆ ಒಯ್ದ ಮೇಲೆ ಹಜಾರ ಮೊದಲಿನ ಅಳತೆಗೆ ಬಂತು. ನನ್ನ ಗಂಡನ ಮಣ್ಣಿಗೆ ಬಂದಿದ್ದ ನೆಂಟರು ಹಿಂದಿನ ದಿನವೇ ಹೋಗಿದ್ದರು. ಯಾರೋ ಉಪ್ಪಿನ ಡಬ್ಬಿಗೆ ಸುರಿದಿದ್ದ ಸಕ್ಕರೆಯನ್ನು ಅತ್ತೆ ಚಮಚದಲ್ಲಿ ಬೇರೆ ಮಾಡುತ್ತಿದ್ದರು.

"ನೀನು ಕೆಲಸಕ್ಕೆ ಕೂತ್ಕೋ," ಎಂದರು. "ಇಬ್ರೂ ಮುಖ ಮುಖ ನೋಡ್ಕೊಂಡು ಎಷ್ಟು ಹೊತ್ತು ಇರೋದು."

ಕೆಲಸ ಒಳಕೋಣೆಯಲ್ಲೇ ಇತ್ತು. ನನ್ನ ಗಂಡ ಅಕ್ಷರ ಬರೆಯುತ್ತಿದ್ದ, ನಾನು ಅವಕ್ಕೆ ನಿಯಮ ಬರೆಯುತ್ತಿದ್ದೆ. ಈ ಬಾರಿಯದು ಲ್ಯಾಟಿನ್ ಲಿಪಿಯ ಫಾಂಟ್. ಅಲಂಕಾರವಿಲ್ಲ, ಎಲ್ಲವೂ ವೃತ್ತ ಮತ್ತು ಸರಳರೇಖೆ, ಕೈವಾರದಲ್ಲಿ ಎಳೆದಂತೆ. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ರೂಪ ಬದಲಿಸಿಕೊಳ್ಳಬೇಕು ಎಂದು ಕಂಪ್ಯೂಟರಿಗೆ ಹೇಳುವುದು ನನ್ನ ಪಾಲು. "ಹೆರೋದು ನಾನು, ನಡತೆ ಕಲಿಸೋದು ನೀನು," ಎಂದು ರೇಗಿಸುತ್ತಿದ್ದ.

ಉಳಿದಿದ್ದು ಸಣ್ಣಕ್ಷರದ ಎಫ್ ಮಾತ್ರ. ಅದರ ಮೇಲಿನ ತೋಳು ಮುಂದಕ್ಕೆ ಚಾಚಿ ಬಾಗಿರುತ್ತದೆ. ಕೆಲವು ಭಾಷೆಗಳಲ್ಲಿ ಐ ಅಕ್ಷರ ತಲೆಯ ಮೇಲೆ ಓರೆಗೀಟನ್ನೋ ಜೋಡಿ ಚುಕ್ಕಿಯನ್ನೋ ಹೊತ್ತಿರುತ್ತದೆ. ಅಂಥ ಐ ಮುಂದೆ ನಿಂತರೆ ಎಫ್‌ನ ತೋಳು ಹೋಗಿ ಅದಕ್ಕೆ ಬಡಿಯುತ್ತದೆ. ಆ ಜಾಗಕ್ಕೆಂದೇ ತೋಳು ಹಿಂದೆಳೆದುಕೊಂಡ ಇನ್ನೊಂದು ಎಫ್ ಬೇಕು. ತೆಳು ಅಕ್ಷರದಲ್ಲಿ ಅದನ್ನು ಬರೆದಿಟ್ಟಿದ್ದ. ದಪ್ಪದ್ದು ಬಾಕಿ.

ಫಾಂಟ್ ಕಂಪನಿಯ ಯಜಮಾನರು ಫೋನ್ ಮಾಡಿದರು.

"ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲಮ್ಮ."

"ಕೇಳಿ."

"ಇವತ್ತು ಫೈಲ್ ಹೋಗ್ಬೇಕು. ಆ ಎರಡನೇ ಎಫ್ ಬಿಟ್ಟುಬಿಡೋಣ. ಸ್ವಲ್ಪ ತಾಗಿದ್ರೆ ತಾಗ್ಲಿ. ಭೂತಗನ್ನಡಿ ಹಿಡ್ಕೊಂಡು ಯಾರು ಓದ್ತಾರೆ?"

"ಅವನು ಓದ್ತಿದ್ದ."

"ಸಂಜೆವರೆಗೆ ನೋಡ್ತೀನಿ. ಆಮೇಲೆ ಮಾಮೂಲಿ ಎಫ್ ಹಾಕಿ ಕಳಿಸ್ತೀನಿ."

ಅದು ಅವನು ಬರೆದ ಕೊನೆಯ ಅಕ್ಷರ. ಬಿಡಲು ನನ್ನಿಂದಾಗುತ್ತಿರಲಿಲ್ಲ.

ಫೈಲ್ ತೆರೆದೆ. ಅವನು ಬರೆದಿಟ್ಟ ಎಫ್‌ನ ತೋಳಿನ ಬಾಗು ವೃತ್ತವಾಗಿರಲಿಲ್ಲ. ಮೇಲೆ ನಿಧಾನವಾಗಿ ಹೊರಟು, ಅಕ್ಷರದ ನೇರ ಕಂಬದ ಹತ್ತಿರ ಒಮ್ಮೆಗೇ ಒಳಕ್ಕೆ ಇಳಿದಿತ್ತು. ಕಾಯಿಲೆಯ ಕೊನೆಗೆ ಅವನ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ನಡುಕ ಅಕ್ಷರಕ್ಕೂ ಇಳಿದಿದೆ ಎಂದುಕೊಂಡೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ಅದನ್ನು ಅಳಿಸಿ, ಶುದ್ಧ ವೃತ್ತದ ಕಾಲುಭಾಗ ಕೂರಿಸಿದೆ.

ಮುದ್ರಿಸಿ ನೋಡಿದರೆ ಎಫ್ ಏಟಿಗೆ ಹೆದರಿ ತಲೆ ತಗ್ಗಿಸಿದವನ ಹಾಗೆ ನಿಂತಿತ್ತು. ವೃತ್ತ ಹಿಗ್ಗಿಸಿದೆ, ತೋಳು ಗೀಟಿಗೆ ಬಡಿಯಿತು. ಕುಗ್ಗಿಸಿದೆ, ಅಕ್ಷರ ಇನ್ನಷ್ಟು ಕುಗ್ಗಿತು. ಮಧ್ಯಾಹ್ನ ಕಳೆಯಿತು. ಕಾಗದ ಮುಗಿಯುತ್ತ ಬಂತು.

ಅತ್ತೆ ತಟ್ಟೆ ತಂದರು. ಇಡಲು ಜಾಗವಿಲ್ಲದೆ ಮೇಜಿನ ಹಾಳೆಗಳನ್ನು ಸರಿಸಿದರು. ಅಡಿಯಲ್ಲಿ ಮರದ ಬಾಗುಪಟ್ಟಿ ಇತ್ತು, ಅಂಚಿಗೆ ಸೀಮೆಸುಣ್ಣ ಮೆತ್ತಿದ್ದು.

"ಇದು ಕೆಳಗಡೆ ಟೈಲರಮ್ಮಂದಲ್ವಾ? ಬಟ್ಟೆಗೆ ಕಂಕುಳು ಕತ್ತರಿಸೋದು." ಅತ್ತೆ ಅದನ್ನು ತಿರುಗಿಸಿ ನೋಡಿದರು. "ಮೊನ್ನೆ ಬಂದು ಬಾಗಿಲಲ್ಲೇ ನಿಂತಿದ್ಲು. ಇದನ್ನ ಕೇಳೋಕೇ ಬಂದಿದ್ಲೇನೋ. ಅತ್ತುಬಿಟ್ಟು ಹಾಗೇ ಹೋದ್ಲು."

ಅವನ ಪೆನ್ಸಿಲ್ ಕರಡನ್ನು ಹುಡುಕಿ ಪಟ್ಟಿಯನ್ನು ಅದರ ಮೇಲಿಟ್ಟೆ. ಪಟ್ಟಿಯ ಅಂಚಿನಲ್ಲಿ ಎರಡು ಪೆನ್ಸಿಲ್ ಗುರುತುಗಳಿದ್ದವು. ಅವುಗಳ ನಡುವಿನ ಬಾಗು, ಎಫ್‌ನ ತೋಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಗೆರೆ ಎಲ್ಲಿಯೂ ಅಲುಗಿರಲಿಲ್ಲ.

"ಆರಿಹೋಗತ್ತೆ, ತಿನ್ನು," ಎಂದರು ಅತ್ತೆ.

ತಿಂದೆ. ಆಮೇಲೆ ನನ್ನ ವೃತ್ತವನ್ನು ಕಿತ್ತು ಅವನ ಬಾಗನ್ನು ವಾಪಸ್ ತಂದೆ. ದಪ್ಪ ಎಫ್‌ಗೆ ಅದೇ ಪಟ್ಟಿಯನ್ನು, ಅದೇ ಗುರುತುಗಳ ನಡುವೆ ಹಿಡಿದು ಗೆರೆ ಎಳೆದೆ. ನಡುಗಿದ್ದು ನನ್ನ ಕೈ. ಅಳಿಸಿ ಮತ್ತೆ ಎಳೆದೆ. ಅದನ್ನು ಕಂಪ್ಯೂಟರಿಗೆ ಇಳಿಸಿ ನಿಯಮ ಬರೆದೆ. ಮುದ್ರಿಸಿದ ಹಾಳೆಯಲ್ಲಿ ಎಫ್ ತಲೆಯೆತ್ತಿ ನಿಂತಿತ್ತು. ಪಕ್ಕದ ಐ ತನ್ನ ಓರೆಗೀಟು ಹೊತ್ತು ಅದರ ತೋಳಿಗೆ ತಾಗದೆ ಆರಾಮಾಗಿತ್ತು.

ಸಂಜೆ ಫೈಲ್ ನೋಡಿ ಯಜಮಾನರು ಫೋನಿನಲ್ಲಿ ಕೇಳಿದರು: "ಇದು ವೃತ್ತ ಅಲ್ವಲ್ಲಮ್ಮ?"

"ಅಲ್ಲ."

"ಎಲ್ಲಾ ಕೈವಾರದ್ದೇ ಅಂತ ಹೇಳ್ಕೊಂಡು ಮಾರ್ತಿದೀವಿ ನಾವು."

"ಇದೊಂದು ಅಲ್ಲ."

"ಚೆನ್ನಾಗಿ ಕೂತಿದೆ. ಇರ್ಲಿ," ಎಂದರು.

ಪಟ್ಟಿಯನ್ನು ಇಟ್ಟುಕೊಳ್ಳಲು ಇನ್ನು ನೆಪವಿರಲಿಲ್ಲ. ಮೆಟ್ಟಿಲಿಳಿದು ಹೋದೆ.

ಟೈಲರ್ ಅಕ್ಕ ಒಂದು ರಟ್ಟಿನ ತುಂಡು ಹಿಡಿದು ಬಟ್ಟೆಗೆ ಗುರುತು ಹಾಕುತ್ತಿದ್ದರು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದರು.

"ನೀನ್ಯಾಕೆ ಇಳಿದು ಬಂದೆ? ನಾನೇನು ಕೇಳಿದ್ನಾ?"

"ಇದಿಲ್ದೆ ಹೇಗೆ ಮಾಡಿದ್ರಿ?"

"ರಟ್ಟಲ್ಲಿ. ಒಬ್ಬನ ಅಂಗಿ ಕಂಕುಳಲ್ಲಿ ಹಿಡ್ಕೊಂಡುಬಿಡ್ತು. ಹೊಡಿಯೋಕೆ ಬಂದ, ಪುಣ್ಯಕ್ಕೆ ಕೈ ಮೇಲೇಳಲಿಲ್ಲ."

ನಕ್ಕೆನೇನೋ. ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಅಷ್ಟಕ್ಕೂ ಏನು ಹೊಲೀತಿದ್ದ ನಿನ್ನ ಗಂಡ? 'ಅಕ್ಕಾ, ನಮ್ಮನೇಲಿ ಒಬ್ಬನಿಗೆ ಕಂಕುಳು ಬಿಗಿಯಾಗಿದೆ, ಸ್ವಲ್ಪ ಸಡಿಲ ಮಾಡ್ಬೇಕು' ಅಂತ ತಗೊಂಡು ಹೋದ. ಆಯ್ತಾ ಅದು?"

"ಆಯ್ತು."

ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟೆ. ಅಕ್ಕ ಸೆರಗಿನಿಂದ ಒರೆಸಿದರು. ಪೆನ್ಸಿಲ್ ಗುರುತುಗಳು ಹೋಗಲಿಲ್ಲ. ಹೆಬ್ಬೆರಳನ್ನು ಎಂಜಲು ಮಾಡಿಕೊಂಡು ಉಜ್ಜಲು ಹೋದವರು, ನನ್ನ ಮುಖ ನೋಡಿ ಕೈ ಹಿಂದೆಳೆದುಕೊಂಡರು.

"ಒರೆಸಿ ಅಕ್ಕ," ಎಂದೆ. "ಗುರುತು ಉಳಿದ್ರೆ ನಿಮ್ಮ ಅಳತೆ ತಪ್ಪತ್ತೆ."